ಊರ ಮನೆಯ ಬೀಗದ ಕೈ

ತಿಪಟೂರು ಹತ್ತಿರದ ನಮ್ಮ ಊರ ಮನೆ ಮಾರಬೇಕಾಗಿದೆ. ಅಪ್ಪ ಹೋದ ಮೇಲೆ ಬೀಗ ಹಾಕಿಯೇ ಇದೆ. ಮೂರು ಜನ ಬ್ರೋಕರ್‌ಗಳನ್ನು ಕಂಡೆ. ಒಬ್ಬರು ಒಳಗೂ ಬರದೆ ಜಾಸ್ತಿ ರೇಟು ಹೇಳಿದರು. ಇನ್ನೊಬ್ಬರು ಮೊದಲೇ ಮುಂಗಡ ಕೇಳಿದರು. ಮೂರನೆಯವರು ಕಾಗದ ಕೇಳಿದರು. ಇ-ಸ್ವತ್ತು, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಆಗಿದೆಯಾ? ಅದರ ನಮೂನೆ 9, 11 ಇದೆಯಾ? ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ?

"ಅಕ್ಕಂದಿರಿಗೂ ಪಾಲು ಇದೆ ಅಲ್ವಾ? ಅವರ ಸಹಿ ಇಲ್ಲದೆ ನಾನು ಗಿರಾಕಿ ಕರೆದುಕೊಂಡು ಬರಲ್ಲ" ಅಂದರು. ಆ ಮಾತಿಗೆ ನನ್ನ ಮನಸ್ಸು ನಿಂತಿತು. ಆಮೇಲೆ ಜಗಲಿಯ ಕಂಬ ಮುಟ್ಟಿ ನೋಡಿ, "ಹಲಸಿನದಾ ಅಮ್ಮಾ?" ಅಂತ ಕೇಳಿದರು. ಎಷ್ಟೋ ದಿನದ ಮೇಲೆ ಅಮ್ಮ ಆ ಮನೆ ಕಟ್ಟಿದ ಕಥೆ ಹೇಳಿದರು.

ಅವರಿಗೇ ಒಪ್ಪಿಸಿದೆ. ನಾನು ಬೀಗದ ಕೈ ಕೊಡುತ್ತಿದ್ದಾಗ ಅಮ್ಮ ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತಿದ್ದರು.