ಮಳೆಗಾಲ ದಾಟಿದ ಶಟರ್‌ಗಳು: ಹಳೆಯ ಫಿಲ್ಮ್ ಕ್ಯಾಮೆರಾಗಳ ಪರೀಕ್ಷೆ, ಎರಡನೆಯ ಸುತ್ತು

ಮಳೆಗಾಲಕ್ಕೆ ಮೊದಲು ಅಳೆದಿಟ್ಟಿದ್ದ ಐದೂ ಕ್ಯಾಮೆರಾಗಳನ್ನು ದಸರೆ ಮುಗಿದ ಮೇಲೆ ಮತ್ತೊಮ್ಮೆ ಅಳೆದಾಯಿತು. ಪೆಂಟ್ಯಾಕ್ಸ್ ಕೆ1000, ಒಲಿಂಪಸ್ ಓಎಂ-1, ಕ್ಯಾನನ್ ಎಇ-1, ನಿಕಾನ್ ಎಫ್‌ಎಂ2 ಮತ್ತು ಯಾಶಿಕಾ ಮ್ಯಾಟ್-124ಜಿ, ಇವುಗಳಲ್ಲಿ ಯಾವುದು ಅತ್ಯುತ್ತಮ ಎಂಬ ನಮ್ಮ ಹಳೆಯ ವಾದಕ್ಕೆ ಈಗ ಕೆಲವು ಅಂಕಿಗಳಾದರೂ ಆಧಾರವಾಗಿ ದೊರೆತಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಕಾಲವನ್ನು ನಿಯಂತ್ರಿಸುವ ಬಾಗಿಲು, ಎಷ್ಟು ನಿಖರವಾಗಿದೆ ಎಂಬುದಕ್ಕಿಂತ, ಅದರ ತಪ್ಪು ಮೇ ತಿಂಗಳಲ್ಲಿ ಎಷ್ಟಿತ್ತೋ ಅಕ್ಟೋಬರಿನಲ್ಲೂ ಅಷ್ಟೇ ಇದೆಯೇ ಎಂಬುದು ನಮ್ಮ ಕರಾವಳಿಯವರಿಗೆ ಹೆಚ್ಚು ಮುಖ್ಯ. ಗೊತ್ತಿರುವ ತಪ್ಪಿಗೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ನುಗ್ಗುವ ಕಿಂಡಿಯ ಗಾತ್ರ) ಬದಲಿಸಿ ಪರಿಹಾರ ಕಂಡುಕೊಳ್ಳಬಹುದು; ದಿನಕ್ಕೊಂದು ಬಗೆಯಾಗುವ ತಪ್ಪಿಗೆ ಪರಿಹಾರವಿಲ್ಲ.

ಇದನ್ನು ಎಲ್ಲರೂ ಒಪ್ಪುವುದಿಲ್ಲ. ಶಿರಸಿಯ ಭಾವ ಎಇ-1ರ ಪಕ್ಷಪಾತಿ. 1976ರಲ್ಲಿ ಬಂದ ಆ ಕ್ಯಾಮೆರಾ ಮೈಕ್ರೊಪ್ರೊಸೆಸರ್ ಬಳಸಿದ ಮೊದಲ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ದೃಶ್ಯ ನೋಡುವ ಕ್ಯಾಮೆರಾ) ಎಂಬ ಹೆಮ್ಮೆ ಅವರಿಗಿದೆ. ಅಡಿಕೆ ತೋಟದ ಒಳಗೆ ಬೆಳಕು ನಿಮಿಷಕ್ಕೊಮ್ಮೆ ಬದಲಾಗುವಾಗ ಅಪರ್ಚರನ್ನು ಕ್ಯಾಮೆರಾವೇ ಆರಿಸಿಕೊಳ್ಳುವುದು ದೊಡ್ಡ ಅನುಕೂಲವೆಂದು ಅವರು ವಾದಿಸುತ್ತಾರೆ. ಕಾರವಾರದ ಕೋಡಿಬಾಗದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ, ನಾವೆಲ್ಲರೂ ಮಾಮ ಎಂದೇ ಕರೆಯುವ ಹಿರಿಯರಿಗೆ ಯಾಶಿಕಾ ಮ್ಯಾಟ್ ಬಿಟ್ಟು ಬೇರೆ ಕ್ಯಾಮೆರಾ ಕ್ಯಾಮೆರಾವೇ ಅಲ್ಲ. ಅದರ ಶಟರ್ ಲೆನ್ಸಿನ ಒಳಗೇ ಇರುವುದರಿಂದ 1/500 ಸೆಕೆಂಡಿನವರೆಗೆ ಯಾವ ವೇಗದಲ್ಲಿಯೂ ಫ್ಲ್ಯಾಶ್ ಹೊಂದಿಕೊಳ್ಳುತ್ತದೆ. ಕೆ1000 ಹಾಗೂ ಎಇ-1ರಲ್ಲಿ ಫ್ಲ್ಯಾಶ್ 1/60ಕ್ಕೆ ನಿಂತುಬಿಡುತ್ತದೆ. ಮದುವೆ ಮನೆಯ ಚಪ್ಪರದಲ್ಲಿ ಹಿಂದೆ ಸುಡುಬಿಸಿಲು, ಮುಂದೆ ನೆರಳಿನಲ್ಲಿ ವಧೂವರರು ಇರುವಾಗ ಈ ವ್ಯತ್ಯಾಸ ಎಂಥದ್ದೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ಲೆನ್ಸಿನ ಗುಣವೇ ಎಲ್ಲಕ್ಕಿಂತ ದೊಡ್ಡದೆಂಬ ಮೂರನೆಯ ವಾದವೂ ನಮ್ಮ ನಡುವೆ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸನ್ನು ಬದಲಿಸಬಹುದಾದ್ದರಿಂದ ಈ ಪರೀಕ್ಷೆಯಲ್ಲಿ ಅದನ್ನು ಹೊರಗಿಟ್ಟಿದ್ದೇನೆ.

ಅಳೆಯುವ ವಿಧಾನ ಮೊದಲ ಸುತ್ತಿನದೇ. ಬೆಳಕನ್ನು ಗ್ರಹಿಸುವ ಒಂದು ಫೋಟೊಟ್ರಾನ್ಸಿಸ್ಟರನ್ನು ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಜೋಡಿಸಿ, ಕ್ಯಾಮೆರಾದ ಹಿಂಬದಿಯನ್ನು ತೆರೆದು ಫಿಲ್ಮ್ ಕೂರುವ ಜಾಗದಲ್ಲಿ ಅದನ್ನಿರಿಸಿ, ಎದುರಿನಿಂದ ಟಾರ್ಚ್ ಬಿಟ್ಟು ಶಟರ್ ಒತ್ತಿದರೆ, ಬೆಳಕು ಬಿದ್ದಷ್ಟು ಹೊತ್ತು ಧ್ವನಿಮುದ್ರಣದಲ್ಲಿ ಒಂದು ಏರಿಳಿತ ಮೂಡುತ್ತದೆ. ಅದರ ಅಗಲವೇ ಶಟರ್ ತೆರೆದಿದ್ದ ಕಾಲ. 1/125 ಎಂದರೆ 8 ಮಿಲಿಸೆಕೆಂಡ್, 1/1000 ಎಂದರೆ ಒಂದೇ ಮಿಲಿಸೆಕೆಂಡ್. ಇಷ್ಟು ಕಿರಿದಾದ ಕಾಲವನ್ನು ಹಿಡಿಯಬೇಕಾದರೆ ಸೆನ್ಸರಿನ ಮುಂದೆ ಸೂಜಿಮೊನೆಯಷ್ಟು ರಂಧ್ರವಿರುವ ಕಪ್ಪು ಕಾಗದ ಅಗತ್ಯ. ಹಾಗಿದ್ದರೂ ಎಫ್‌ಎಂ2ರ 1/4000ಕ್ಕೆ ಈ ಉಪಕರಣ ಸಾಲದು, ಆದ್ದರಿಂದ ಆ ವೇಗದ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪ್ರತಿಯೊಂದು ವೇಗವನ್ನೂ ಚೌಕಟ್ಟಿನ ಎರಡು ಅಂಚುಗಳಲ್ಲಿ ಅಳೆದೆ. ಈ ಸಲ ಹೊಸದಾಗಿ ಸೇರಿಸಿದ್ದು ಮೊದಲ ಒತ್ತಿನ ಪರೀಕ್ಷೆ: ಕ್ಯಾಮೆರಾವನ್ನು ಒಂದು ವಾರ ಮುಟ್ಟದೆ ಇಟ್ಟು, ಅನಂತರ ಮೊದಲ ಸಲ ಒತ್ತಿದಾಗ ಬಂದ ಕಾಲವನ್ನೂ, ಕೆಲವು ಸಲ ಒತ್ತಿ ಸಡಿಲಿಸಿದ ಬಳಿಕ ಬಂದ ಕಾಲವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳುವುದು. ಎದುರಿಗೆ ಬಂದ ದೃಶ್ಯಕ್ಕೆ ನಮ್ಮ ಕೈಯಲ್ಲಿರುವುದು ಆ ಮೊದಲ ಒತ್ತೇ ಅಲ್ಲವೇ?

ಕೆ1000 ಫಲಿತಾಂಶ ನನಗೆ ನೋವು ತಂದಿತು, ಏಕೆಂದರೆ ನಾನು ಛಾಯಾಗ್ರಹಣ ಕಲಿತದ್ದೇ ಅದರಲ್ಲಿ. 1976ರಿಂದ 1997ರವರೆಗೆ ತಯಾರಾದ, ಸೆಲ್ ಇಲ್ಲದೆಯೂ ಎಲ್ಲ ವೇಗಗಳಲ್ಲಿ ಓಡುವ ಈ ಕ್ಯಾಮೆರಾವನ್ನು ಕಲಿಯುವವರಿಗೆ ಇಂದಿಗೂ ಶಿಫಾರಸು ಮಾಡುತ್ತಾರೆ, ಅದು ನ್ಯಾಯವೂ ಹೌದು. ಮೇ ತಿಂಗಳಲ್ಲಿ ಅದರ 1/1000ರ ವೇಗ ಒಂದು ಅಂಚಿನಲ್ಲಿ ವಾಸ್ತವವಾಗಿ 1/820 ಸೆಕೆಂಡ್, ಇನ್ನೊಂದು ಅಂಚಿನಲ್ಲಿ 1/760 ಇತ್ತು. ಈಗ ಅವು 1/790 ಮತ್ತು 1/560 ಆಗಿವೆ. ಎರಡೂ ಅಂಚುಗಳು ಒಂದೇ ಪ್ರಮಾಣದಲ್ಲಿ ನಿಧಾನವಾಗಿದ್ದರೆ ನನಗೆ ಚಿಂತೆಯಿರಲಿಲ್ಲ. ಈ ಶಟರಿನಲ್ಲಿ ರಬ್ಬರ್ ಲೇಪಿಸಿದ ಬಟ್ಟೆಯ ಎರಡು ಪರದೆಗಳು ಅಡ್ಡಲಾಗಿ ಒಂದರ ಹಿಂದೊಂದು ಓಡುತ್ತವೆ, ಅವುಗಳ ನಡುವಿನ ಸೀಳಿನ ಮೂಲಕ ಫಿಲ್ಮಿಗೆ ಬೆಳಕು ಬೀಳುತ್ತದೆ. ಎರಡನೆಯ ಪರದೆ ದಾರಿಯಲ್ಲಿ ಹಿಂದೆ ಬಿದ್ದರೆ ಸೀಳು ಅಗಲವಾಗುತ್ತ ಹೋಗಿ, ಚಿತ್ರದ ಒಂದು ಬದಿ ಹೆಚ್ಚು ಬೆಳಗುತ್ತದೆ. ಟ್ಯಾಗೋರ್ ಕಡಲತೀರದಲ್ಲಿ ಮಧ್ಯಾಹ್ನ ತೆಗೆದ ನೆಗೆಟಿವಿನಲ್ಲಿ ಇದು ಕಣ್ಣಿಗೇ ಕಾಣಿಸಿತು. ಒಂದೇ ಆಕಾಶ ಎಡದಿಂದ ಬಲಕ್ಕೆ ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು ಆಗುವುದು) ಬದಲಾಗಿತ್ತು. ಇಂಥ ದೋಷವನ್ನು ಅಪರ್ಚರ್ ತಿರುಗಿಸಿ ಸರಿಪಡಿಸಲಾಗದು.

ಈ ವೇಗಗಳ ಬಗ್ಗೆ ನಾನೇಕೆ ಇಷ್ಟು ತಲೆಕೆಡಿಸಿಕೊಳ್ಳುತ್ತೇನೆಂದರೆ, ನಮ್ಮ ಜಿಲ್ಲೆಯಲ್ಲಿ ಶಟರಿನ ಎರಡೂ ತುದಿಗಳು ಒಂದೇ ದಿನದಲ್ಲಿ ಬೇಕಾಗುತ್ತವೆ. ಬಿಸಿಲಿಗೆ ಎಫ್/16 ಅಪರ್ಚರ್, ಶಟರ್ ವೇಗ ಫಿಲ್ಮಿನ ಐಎಸ್‌ಒ (ಬೆಳಕಿನ ಸಂವೇದನೆ) ಸಂಖ್ಯೆಯ ಹತ್ತಿರ ಎಂಬ ಹಳೆಯ ಸೂತ್ರದಂತೆ, 400 ಐಎಸ್‌ಒ ಫಿಲ್ಮ್ ಹಾಕಿಕೊಂಡು ಕಾರವಾರದ ಮರಳಿನ ಮೇಲೆ ನಿಂತರೆ ಎಫ್/16ರಲ್ಲೇ 1/500 ಬೇಕು. ಎಫ್/11ಕ್ಕೆ ತೆರೆದರೆ ಕೆ1000ರ ಗರಿಷ್ಠ ವೇಗವೇ ಬಳಕೆಯಾಗಿ ಹೋಗುತ್ತದೆ. ಅದೇ ರೋಲ್ ಹಾಕಿಕೊಂಡು ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಾಟಿ ಹತ್ತಿ, ಮೋಡದ ಸಂಜೆಯಲ್ಲಿ ಶಿರಸಿಯ ಅಡಿಕೆ ತೋಟದೊಳಗೆ ಹೋದರೆ 1/30, 1/15ಕ್ಕೆ ಇಳಿಯಬೇಕಾಗುತ್ತದೆ.

ನಿಧಾನ ವೇಗಗಳಲ್ಲಿ ಸೋತದ್ದು ಮಾಮನ ಯಾಶಿಕಾ. ಅದರ 1/500 ಎರಡೂ ಸುತ್ತುಗಳಲ್ಲಿ 1/330ರ ಆಸುಪಾಸಿನಲ್ಲೇ ಇದೆ, ಅಂದರೆ ತಪ್ಪಿದ್ದರೂ ಸ್ಥಿರವಾಗಿದೆ, ನನ್ನ ಅಳತೆಗೋಲಿನ ಪ್ರಕಾರ ಅದು ಉತ್ತೀರ್ಣ. ಆದರೆ ಒಂದು ಸೆಕೆಂಡಿನ ಶಟರ್ ಮೊದಲ ಒತ್ತಿನಲ್ಲಿ ಒಂದೂವರೆ ಸೆಕೆಂಡಿನ ಹತ್ತಿರ ಎಳೆದು, ಕೆಲವು ಸಲ ಒತ್ತಿದ ಬಳಿಕವೇ ಹಾದಿಗೆ ಬಂತು. ನಿಧಾನ ವೇಗಗಳನ್ನು ನಿಯಂತ್ರಿಸುವ ಹಲ್ಲುಚಕ್ರಗಳಲ್ಲಿ ಹಳೆಯ ಎಣ್ಣೆ ಅಂಟಾಗಿರುವುದೇ ಇದಕ್ಕೆ ಕಾರಣವೆಂದು ಮಾಮ ತಾವೇ ಹೇಳಿದರು. ಶುಚಿಗೊಳಿಸಿದರೆ ಸರಿಹೋಗುವ ದೋಷವಿದು.

ಓಎಂ-1ರ ಶಟರ್ ಹೆಚ್ಚು ಬದಲಾಗಿಲ್ಲ. 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಬಂದು, ಲೈಕಾ ಕಂಪನಿಯ ಆಕ್ಷೇಪದ ನಂತರ ಓಎಂ-1 ಆದ ಈ ಪುಟ್ಟ ಕ್ಯಾಮೆರಾದ ವ್ಯೂಫೈಂಡರಿನಷ್ಟು ವಿಶಾಲವಾದದ್ದನ್ನು ಉಳಿದ ನಾಲ್ಕರಲ್ಲಿ ನಾನು ಕಂಡಿಲ್ಲ. ಅದರ ತೊಂದರೆ ಬೆಳಕನ್ನು ಅಳೆಯುವ ಮೀಟರಿನದು. 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ ರೂಪಿಸಿದ ಮೀಟರದು, ಆ ಸೆಲ್ಲುಗಳು ಈಗ ತಯಾರಾಗುವುದಿಲ್ಲ. ಶ್ರವಣಸಾಧನಕ್ಕೆ ಬಳಸುವ 675 ಗಾತ್ರದ ಝಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ. ಒಂದು ರಬ್ಬರ್ ರಿಂಗ್ ತೊಡಿಸಿದರೆ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅಂಟುಪಟ್ಟಿ ಕಿತ್ತ ಮೇಲೆ ಅದರ ಆಯಸ್ಸು ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡರಾಯಿತು.

ಭಾವನ ಎಇ-1ರ ವಿಷಯದಲ್ಲಿ ನಾನು ಮನಃಪೂರ್ವಕವಾಗಿ ಒಪ್ಪಬೇಕಾದ ಸಂಗತಿಯೊಂದಿದೆ. 1/60ರಿಂದ ಕೆಳಗಿನ ಎಲ್ಲ ವೇಗಗಳಲ್ಲಿ ಐದರ ಪೈಕಿ ಅತ್ಯಂತ ಸ್ಥಿರವಾಗಿದ್ದದ್ದು ಅದೇ. ಮೊದಲ ಒತ್ತಿಗೂ ಕೊನೆಯ ಒತ್ತಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಕಾಲವನ್ನು ಎಣಿಸುವುದು ಹಲ್ಲುಚಕ್ರವಲ್ಲ, ವಿದ್ಯುನ್ಮಂಡಲ. ಅದರಲ್ಲಿ ಅಂಟಾಗಲು ಎಣ್ಣೆಯೇ ಇಲ್ಲ. ಆದರೂ ನಾನದನ್ನು ಮೊದಲ ಸ್ಥಾನದಲ್ಲಿ ಕೂರಿಸಲಾರೆ. 6 ವೋಲ್ಟಿನ ಸೆಲ್ ಮುಗಿದರೆ ಅದರ ಶಟರ್ ಒಂದು ವೇಗದಲ್ಲಿಯೂ ತೆರೆಯುವುದಿಲ್ಲ, ಮತ್ತು ಆ ಸೆಲ್ ನಮ್ಮ ಪೇಟೆಗಳಲ್ಲಿ ಕೇಳಿದ ತಕ್ಷಣ ಸಿಗುವಂಥದ್ದಲ್ಲ. ಒಂದು ಹೆಚ್ಚುವರಿ ಸೆಲ್ಲನ್ನು ಕಿಸೆಯಲ್ಲಿಟ್ಟುಕೊಂಡರೆ ಈ ವಾದವೇ ಬಿದ್ದುಹೋಗುತ್ತದೆ ಎನ್ನುತ್ತಾರೆ ಭಾವ. ಅದು ತೂಕದ ಮಾತೇ, ಆದರೆ ಸೆಲ್ ಹೋದರೆ ಬದಲಿಸಬಹುದು, ನಲವತ್ತು ವರ್ಷ ದಾಟಿದ ಮಂಡಲ ಹೋದರೆ ಬದಲಿಸುವ ಬಿಡಿಭಾಗಕ್ಕಾಗಿ ಇನ್ನೊಂದು ಎಇ-1 ಅನ್ನೇ ಬಿಚ್ಚಬೇಕು.

ಎಫ್‌ಎಂ2 ಬಗ್ಗೆ ಹೇಳಲು ಕಡಿಮೆಯಿದೆ, ಅದೇ ಅದರ ಹೆಗ್ಗಳಿಕೆ. 1982ರಲ್ಲಿ ಬಂದ ಇದರ ಶಟರ್ ಲೋಹದ ಹಾಳೆಗಳದು, ಮೇಲಿನಿಂದ ಕೆಳಕ್ಕೆ ಓಡುತ್ತದೆ. ಬಟ್ಟೆಯ ಹಾಗೆ ತೇವ ಕುಡಿಯುವ ವಸ್ತು ಅದರಲ್ಲಿಲ್ಲ. 1/1000 ಎರಡೂ ಅಂಚುಗಳಲ್ಲಿ, ಎರಡೂ ಸುತ್ತುಗಳಲ್ಲಿ 1/910ರ ಹತ್ತಿರವೇ ಬಂತು. ಮೊದಲ ಒತ್ತಿನಲ್ಲಿ 1/15 ಅಲ್ಪಸ್ವಲ್ಪ ಎಳೆಯಿತು, ಅಷ್ಟೆ. ಸೆಲ್ ಬೇಕಾಗುವುದು ಮೀಟರಿಗೆ ಮಾತ್ರ.

ಮಳೆಗಾಲದಲ್ಲಿ ಐದನ್ನೂ ಒಂದೇ ರೀತಿಯಲ್ಲಿ ಇಟ್ಟಿದ್ದೆವು: ಚರ್ಮದ ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ, ಒಳಗೊಂದು ತೇವಮಾಪಕವಿಟ್ಟು. ಡಬ್ಬಿಯ ಒಳಗಿನ ತೇವಾಂಶ ಶೇಕಡಾ 50ರ ಆಚೀಚೆ ಇರುವಂತೆ ಜೆಲ್ಲನ್ನು ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸುತ್ತಿದ್ದೆ. ಯಾವ ಲೆನ್ಸಿಗೂ ಫಂಗಸ್ ಹಿಡಿಯಲಿಲ್ಲ. ಮಾಮ ಹಿಂದೆ ಕಪಾಟಿನೊಳಗೆ 15 ವ್ಯಾಟಿನ ಬಲ್ಬ್ ಉರಿಸಿಟ್ಟು ಇದೇ ಕೆಲಸ ಸಾಧಿಸುತ್ತಿದ್ದರಂತೆ.

ಸದ್ಯದ ನನ್ನ ತೀರ್ಮಾನದಲ್ಲಿ ಎಫ್‌ಎಂ2 ಮೊದಲು, ಓಎಂ-1 ಎರಡನೆಯದು. ಕಣ್ಣಿಗೆ ಸಿಗುವ ಸುಖವನ್ನು ಮಾತ್ರ ಗಣಿಸಿದ್ದರೆ ಈ ಕ್ರಮ ತಿರುಗುಮುರುಗಾಗುತ್ತಿತ್ತು. ಎಇ-1 ಮೂರನೆಯದೆಂಬುದಕ್ಕೆ ಭಾವನ ಒಪ್ಪಿಗೆಯಿಲ್ಲ. ಆದ್ದರಿಂದ ಮುಂದಿನ ಹಂತವನ್ನು ಇಬ್ಬರೂ ಕೂಡಿ ನಿಶ್ಚಯಿಸಿದ್ದೇವೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ದೋಣಿಗಳು ಮರಳುವ ಹೊತ್ತಿಗೆ ಎಫ್‌ಎಂ2 ಮತ್ತು ಎಇ-1 ಎರಡಕ್ಕೂ ಎಕ್ಟಾಕ್ರೋಮ್ ಇ100 ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಫಿಲ್ಮ್) ಹಾಕಿ, ಒಂದೇ ಜಾಗದಿಂದ, ಒಂದೇ ಮೀಟರಿನ ಅಳತೆಯಂತೆ ಚಿತ್ರ ತೆಗೆಯುವುದು. ನೆಗೆಟಿವ್ ಫಿಲ್ಮ್ ಒಂದು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ, ಸ್ಲೈಡ್ ಅರ್ಧ ಸ್ಟಾಪನ್ನೂ ತೋರಿಸಿಬಿಡುತ್ತದೆ. ಅಷ್ಟರಲ್ಲಿ ಕೆ1000ರ ಪರದೆಗಳ ಬಿಗಿತವನ್ನು ಸರಿಪಡಿಸಿಕೊಂಡು, ಅದನ್ನು ಮತ್ತೆ ಎರಡೂ ಅಂಚುಗಳಲ್ಲಿ ಅಳೆಯಬೇಕಿದೆ.