ಸೇಬು ಮಾರುವ ಭಾಗವತ

ಡಿಸೆಂಬರ್ ಬಂತೆಂದರೆ ನಮ್ಮ ಸಾಗರದ ಕಡೆ ಅಡಿಕೆಯ ಕೊನೆಕೊಯ್ಲು. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು, ಬೆಳಗಿನ ಬಸ್ಸು ಹಿಡಿದು ಬಂದು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ತೂಕಡಿಸುವವರೇ ನಾವೆಲ್ಲ. ಅದನ್ನು ನೋಡಿ ಸಾಕಾಗಿಯೋ ಏನೋ, ಒಂದು ಶನಿವಾರ ಮೇಷ್ಟ್ರು ಟೀವಿ ಇದ್ದ ಕೋಣೆಗೆ ಕರೆದೊಯ್ದು ಸೀಡಿ ಹಾಕಿದರು. 1992ರ 'ದ ಮಪೆಟ್ ಕ್ರಿಸ್‌ಮಸ್ ಕ್ಯಾರಲ್'. ಡಿಕನ್ಸ್ 1843ರಲ್ಲಿ ಬರೆದ ಕಥೆ, ಬೊಂಬೆಗಳ ಕೈಗೆ ಸಿಕ್ಕಿತ್ತು. ಜಿಪುಣ ಸ್ಕ್ರೂಜ್ ಆಗಿ ಮೈಕೇಲ್ ಕೇನ್. ಅವನ ಗುಮಾಸ್ತ ಒಂದು ಕಪ್ಪೆ! ಡಿಗ್ರಿಗೆ ಬಂದವರಿಗೆ ಇದೆಂಥ ಮಕ್ಕಳಾಟ ಎಂದು ಹಿಂದೆ ಕೂತು ನಕ್ಕೆವು. ಕೇನ್ ಮಾತ್ರ ನಗಲಿಲ್ಲ. ಎದುರಿಗಿರುವುದು ಕಪ್ಪೆಯೆಂಬುದೇ ಅವನಿಗೆ ಗೊತ್ತಿಲ್ಲವೇನೋ ಎಂಬಂತೆ ಗದರುತ್ತಿದ್ದ.

ಕಥೆ ಹೇಳುವವನು ಗೊಂಜೊ, ಕೊಕ್ಕೆಮೂಗಿನ ನೀಲಿ ಬೊಂಬೆ. ಬೀದಿಯಲ್ಲಿ ಸೇಬು ಮಾರುತ್ತ ನಾನೇ ಡಿಕನ್ಸ್ ಅನ್ನುತ್ತಾನೆ. ಜೊತೆಗಿರುವ ಇಲಿ ರಿಜೊ ಆ ಸೇಬನ್ನೇ ತಿನ್ನುತ್ತಿರುತ್ತದೆ. ಮನೆಯೊಳಗೆ ಸ್ಕ್ರೂಜ್ ಏನು ಮಾಡುತ್ತಿದ್ದಾನೆಂದು ನಿನಗೆ ಹೇಗೆ ಗೊತ್ತು ಎಂದು ಇಲಿ ಕೇಳಿತು. ಕಥೆ ಹೇಳುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದ ಗೊಂಜೊ. ಮೇಷ್ಟ್ರು ಟಕ್ಕನೆ ಸಿನಿಮಾ ನಿಲ್ಲಿಸಿದರು. "ಸರ್ವಜ್ಞ ನಿರೂಪಕ ಅಂತ ಮೂರು ದಿನ ಬಡಿದುಕೊಂಡೆನಲ್ಲ, ಇವನೇ ನೋಡಿ. ನಮ್ಮ ಯಕ್ಷಗಾನದ ಭಾಗವತ. ಪಕ್ಕದಲ್ಲಿರೋದು ಹಾಸ್ಯಗಾರ."

ಭಾಗವತ ಹಾಡಿ ಕಥೆ ನಡೆಸುವ ಆಟ ನೋಡಿ ಬೆಳೆದ ನಮಗೆ ಇಷ್ಟು ಸಾಕಿತ್ತು. ಕಾದಂಬರಿ ಸಿನಿಮಾ ಆಗುವಾಗ ಪಾತ್ರಗಳು ಉಳಿಯುತ್ತವೆ, ಹೇಳುವ ದನಿ ಹೋಗಿಬಿಡುತ್ತದೆ. ಇಲ್ಲಿ ಆ ದನಿಯೇ ವೇಷ ಕಟ್ಟಿ ರಂಗಕ್ಕೆ ಬಂದಿತ್ತು. ಭೂತವಾಗಿ ಬರುವ ಸ್ಕ್ರೂಜನ ಸತ್ತ ಪಾಲುದಾರ, ಪುಸ್ತಕದ ಒಬ್ಬ ಮಾರ್ಲಿ, ಸಿನಿಮಾದಲ್ಲಿ ಇಬ್ಬರಾಗಿದ್ದ. ಅದನ್ನು ಮೇಷ್ಟ್ರು ತಲೆಗೆ ಹಾಕಿಕೊಳ್ಳಲಿಲ್ಲ. ಅವರು ಕಾದು ಕೂತಿದ್ದು ಮಾರ್ಲಿಯ ನಂತರ ಸ್ಕ್ರೂಜನನ್ನು ತಿದ್ದಲು ಬರುವ ಮೂರು ಭೂತಗಳಲ್ಲಿ ಮೂರನೆಯದಕ್ಕೆ. ಮಾತಾಡದ, ಮುಖ ಕಾಣದ, ಬೆರಳು ಮಾತ್ರ ತೋರಿಸುವ ಆ ಭೂತ ಬಂದದ್ದೇ, ಕೊನೆಯಲ್ಲಿ ಸಿಗುತ್ತೇವೆ ಎಂದು ಗೊಂಜೊ, ರಿಜೊ ಇಬ್ಬರೂ ಓಟ ಕಿತ್ತರು. "ಭಾಗವತನೇ ತಾಳ ಕೆಳಗಿಟ್ಟು ಓಡಿದರೆ ನೋಡೋರ ಗತಿ?" ಎಂದರು ಮೇಷ್ಟ್ರು. ಅಲ್ಲಿಂದ ಸಮಾಧಿಯ ಕಲ್ಲಿನವರೆಗೆ ಯಾರೂ ನಗಲಿಲ್ಲ. ಹೆದರಿಕೆಗೆ ಕಾರಣ ಭೂತವಲ್ಲ, ಹೇಳುವವನು ಇಲ್ಲದ್ದು ಎಂದು ನನಗೆ ಹೊಳೆಯುವಾಗ ಬಸ್ಸು ಅರ್ಧ ದಾರಿ ಬಂದಿತ್ತು.

ಆ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ಅಜ್ಜಿಗೆ ಇಡೀ ಕಥೆ ಹೇಳಿದೆ. ಮಾರ್ಲಿಯ ಸರಪಳಿಗೆ ಹಣದ ಪೆಟ್ಟಿಗೆ, ಬೀಗ, ಲೆಕ್ಕದ ಪುಸ್ತಕ ಎಲ್ಲ ಜೋತುಬಿದ್ದಿರುತ್ತವೆ ಎಂದಾಗ, ಅಡಿಕೆ ಮಂಡಿಯ ಸಾಲದ ಲೆಕ್ಕ ಬಲ್ಲ ಅಜ್ಜಿ ಹೂಂಗುಟ್ಟಿದಳು. ಸ್ಕ್ರೂಜ್ ಒಬ್ಬನೇ ಕೋಣೆಯಲ್ಲಿ ಗಂಜಿ ಕುಡಿಯುವಲ್ಲಿಗೆ ಬಂದೆ. ಅಜ್ಜಿಯ ಕೈ ನಿಂತಿತು.

"ಅಂವ ಒಬ್ಬನೇ ಇದ್ದಿದ್ದು ನಿಂಗೆ ಹ್ಯಾಂಗೆ ಗೊತ್ತಾತು, ತಮಾ?"