ಏಳು ದನ, ಐದು ಬಿಲ್ಲೆ

ಅವತ್ತು ಅವ್ವ ನಸುಕಿನಲ್ಲೇ ಎದ್ದು ದನದ ಕೊಟ್ಟಿಗೆಯಲ್ಲಿ ನಿಂತಿದ್ದಳು. ನಮ್ಮವು ಏಳು ದನ. ಬರಗಾಲದಲ್ಲಿ ದನ ಇಟ್ಟುಕೊಂಡು ಮೇವು, ನೀರು ಕೊಡುವ ಮೇವಿನ ಛಾವಣಿಯಲ್ಲಿ ಮನೆಗೆ ಐದೇ ತಗೋತಾರೆ ಅಂತ ಹಿಂದಿನ ದಿನ ಗೊತ್ತಾಗಿತ್ತು.

"ಯಾವ ಎರಡು ಬಿಡೂದು, ನೀನ ಹೇಳು" ಅಂದ ಅಪ್ಪ. ಅವ್ವ ಮಾತಾಡಲಿಲ್ಲ.

ಅದು 2019ರ ಬೇಸಿಗೆ. ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಉಮದಿ ಕಡೆ ನಮ್ಮೂರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಅಕ್ಟೋಬರ್ 31ಕ್ಕೆ ಮಹಾರಾಷ್ಟ್ರ ಸರ್ಕಾರ 151 ತಾಲೂಕುಗಳಲ್ಲಿ ಬರ ಅಂತ ಸಾರಿತು. ನಮ್ಮದೂ ಅದರಲ್ಲಿತ್ತು. ಹಿಂಗಾರಿ ಜೋಳ ಬರಲಿಲ್ಲ, ಹಾಗಾಗಿ ಕಣಿಕೆಯೂ ಇಲ್ಲ. ಊರಿನ ಗೋಮಾಳ ಗಾಯರಾನದಲ್ಲಿ ದನ ಬಿಟ್ಟರೆ ಬರೀ ಮಣ್ಣು ಮೂಸಿ ವಾಪಸ್ ಬರ್ತಿದ್ದವು.

ಕೊನೆಗೆ ಒಂದು ಎಮ್ಮೆ, ಎರಡು ಹಸು, ಹರೆಯದ ಎತ್ತು, ಒಂದು ಕರು ಹೊರಟವು. ಮನೆಯಲ್ಲಿ ಉಳಿದದ್ದು ಇನ್ನೊಂದು ಕರು ಮತ್ತು ಮುದಿ ಖಿಲಾರಿ ಎತ್ತು ಮಾಣಿಕ. ಮಾರೋಣ ಅಂದ್ರೆ ಎತ್ತು ಕಡಿಯೋದನ್ನೂ ನಿಷೇಧಿಸಿದ 2015ರ ಕಾಯ್ದೆ ಬಂದ ಮೇಲೆ ಮುದಿ ಎತ್ತಿಗೆ ಸಂತೆಯಲ್ಲಿ ಗಿರಾಕಿಯೇ ಇಲ್ಲ. ಇದ್ದಿದ್ದರೂ ಅಪ್ಪ ಮಾರುತ್ತಿರಲಿಲ್ಲ. ನನ್ನ ಕಾಲೇಜಿನ ಫೀ ಆ ಎತ್ತಿನ ದುಡಿಮೆಯದು.

ಛಾವಣಿಯಲ್ಲಿ ಫಾರ್ಮ್ ಮರಾಠಿಯಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರೆಲ್ಲ ನನ್ನ ಸುತ್ತ ಕೂತರು. ಹೊಲದ ಪಹಣಿ ಅಂದ್ರೆ ಸಾತಬಾರಾ ಉತಾರ, ಆಧಾರ್ ನೋಡಿ ಹದಿನೈದೋ ಇಪ್ಪತ್ತೋ ಫಾರ್ಮ್ ತುಂಬಿದೆ. ಆಮೇಲೆ ಒಂದೊಂದೇ ದನಕ್ಕೆ ಬಾರ್‌ಕೋಡ್ ಇದ್ದ ಬಿಲ್ಲೆ ಹಾಕಿದರು. ದಿನಾ ಮೊಬೈಲಿನಲ್ಲಿ ಬಿಲ್ಲೆ ಸ್ಕ್ಯಾನ್ ಆದರೆ ಮಾತ್ರ ಆ ದನ ಅವತ್ತು ಇದ್ದ ಲೆಕ್ಕ. ದೊಡ್ಡದಕ್ಕೆ ದಿನಕ್ಕೆ 70 ರೂಪಾಯಿ, ಸಣ್ಣದಕ್ಕೆ 35 ಅಂತ ಶುರುವಾಗಿ, ಮುಂದೆ 100 ಮತ್ತು 50ರವರೆಗೆ ಏರಿತು. ಆ ದುಡ್ಡು ರೈತನ ಕೈಗೆ ಬರೋದಲ್ಲ, ಛಾವಣಿ ನಡೆಸುವವರಿಗೆ ಹೋಗೋದು. ನಮಗೆ ಸಿಗೋದು ಮೇವು, ನೀರು.

ಛಾವಣಿ ಇಲ್ಲದಿದ್ದರೆ ನಮ್ಮ ಎಮ್ಮೆ ಬದುಕುತ್ತಿರಲಿಲ್ಲ. ಅದನ್ನು ನಾನು ಯಾವತ್ತೂ ಮರೆಯೋದಿಲ್ಲ. ಆದರೆ ಮೇಯುವ ಹುಲ್ಲು ಹೋಗಿದ್ದು ಏಳಕ್ಕೂ ಅಲ್ವಾ? ದನ ಎಷ್ಟಿವೆಯೋ ಅಷ್ಟಕ್ಕೂ ಕೊಡಬೇಕಿತ್ತು. ಒಣಭೂಮಿಯಲ್ಲಿ ಬೆಳೆ ಹೋದ ವರ್ಷ ಮನೆ ನಡೆಸೋದು ದನವೇ.

ಅವ್ವ ಛಾವಣಿಯಲ್ಲೇ ಉಳಿದಳು, ತಾಡಪತ್ರಿಯ ನೆರಳಲ್ಲಿ. ಅಲ್ಲಿ ಜಾಸ್ತಿ ಕೊಡ್ತಿದ್ದದ್ದು ಕಬ್ಬು. ದನ ತಿಂದು ಬಿಟ್ಟ ಗಟ್ಟಿ ತುಂಡುಗಳನ್ನು ಅವಳು ಸೆರಗಿನಲ್ಲಿ ಒರೆಸಿ, ಒಂದು ಗೊಬ್ಬರದ ಚೀಲಕ್ಕೆ ತುಂಬಿಡುತ್ತಿದ್ದಳು. ಸಂಜೆ ನಾನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದೆ. ಮಾಣಿಕನಿಗೆ ಹಲ್ಲು ಸವೆದಿತ್ತು. ಅಪ್ಪ ಕೊಡಲಿಯಿಂದ ಬೆರಳುದ್ದ ಕಡಿದು, ಸ್ವಲ್ಪ ನೀರು ಚಿಮುಕಿಸಿ, ಕೈಯಾರೆ ತಿನ್ನಿಸುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಐದರ ಮಿತಿ ಸಡಿಲಾಯ್ತು. ಮಾಣಿಕನನ್ನು ಮೆಲ್ಲಗೆ, ಅಲ್ಲಲ್ಲಿ ನಿಲ್ಲಿಸಿ ನಡೆಸಿಕೊಂಡು ಹೋದೆವು. ಬಿಲ್ಲೆ ಹಾಕುವಾಗ ಅದು ಅಲುಗಾಡಲೂ ಇಲ್ಲ. ಅವ್ವ ದೂರದಿಂದಲೇ ನೋಡಿ ಎದ್ದು ಬಂದಳು. ಅವಳ ಕೈಯಲ್ಲಿ ಆಗಲೇ ಕೊಡಲಿ ಇತ್ತು.